ಅಸಲಿ ನಾಟಿ

ಪದ್ಮಾವತಿಯ ನಾಲಿಗೆಗೆ ಸಿಕ್ಕಿದವರು ಯಾರೂ ಪೂರ್ತಿ ಮನುಷ್ಯರಾಗಿ ಆಚೆ ಬಂದದ್ದಿಲ್ಲ. ಅವಳ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಬಗೆ, ನಾಟಿ ಮತ್ತು ಹ್ಯಾಚರಿ. ತಾಯಿಯ ರೆಕ್ಕೆಯಡಿ ಕಾವು ಪಡೆದು, ಮಣ್ಣು ಕೆದರಿ, ಹದ್ದಿಗೆ ಹೆದರಿ ಬೆಳೆದದ್ದು ನಾಟಿ. ಮೆಷಿನ್ನಿನಲ್ಲಿ ಚಿಪ್ಪೊಡೆದು, ಬಲ್ಬನ್ನೇ ಅವ್ವ ಅಂದುಕೊಂಡು, ಚೀಲದ ಆಹಾರ ತಿಂದು ಊದಿಕೊಂಡದ್ದು ಹ್ಯಾಚರಿ. ಇದು ಕೋಳಿಯ ಮಾತು ಮಾತ್ರ ಅಂತ ತಿಳಿಯಬೇಡಿ. ಹಾಸ್ಟೆಲಿನಲ್ಲಿ ಬೆಳೆದ ಅಳಿಯ ಪ್ರಶಾಂತ್ ಹ್ಯಾಚರಿ. ಆಪರೇಷನ್ ಮಾಡಿಸಿಕೊಂಡು ಹೆತ್ತ ಎದುರು ಮನೆಯ ಹುಡುಗಿ ಹ್ಯಾಚರಿ, ಅವಳ ಕೂಸೂ ಹ್ಯಾಚರಿ. ಒಂದು ಸಲ ಆ ಹುಡುಗಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾಗಲೇ, ಅವಳಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದ ಮೇಲೆ, ಪದ್ಮಾವತಿ ನಗುನಗುತ್ತ ಅದನ್ನು ಹೇಳಿದ್ದಳು. ಹುಡುಗಿಯೂ ನಕ್ಕಿದ್ದಳು, ಪಾಪ, ಏನೋ ಆಶೀರ್ವಾದ ಅಂದುಕೊಂಡು.

ಮದ್ದೂರಿನ ಹತ್ತಿರದ ಹಳ್ಳಿಯಿಂದ ಸೂರತ್‌ಗೆ ಬಂದು ಅವಳಿಗೆ ಇಪ್ಪತ್ತೆರಡು ವರ್ಷ. ಗಂಡ ಸೀತಾರಾಮ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯವನು. ಸೂರತ್‌ನ ಉಧ್ನಾ ಬಡಾವಣೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನೆಲಮಹಡಿಯ ಮನೆ, ಹಿಂದೆ ಒಂದು ಬೇವಿನ ಮರ, ನಾಲ್ಕು ಮಾರು ಹಿತ್ತಲು, ಅದರಾಚೆ ಕಾಂಪೌಂಡು, ಅದರಾಚೆ ಹಳಿ. ಎತ್ತರದಲ್ಲಿ ಪದ್ಮಾವತಿ ನಾಲ್ಕು ಅಡಿ ಏಳು ಇಂಚು. ಹಿತ್ತಲ ತಂತಿಗೆ ಬಟ್ಟೆ ಹಾಕಬೇಕಾದರೆ ಎರಡು ಇಟ್ಟಿಗೆ ಪೇರಿಸಿ ಅದರ ಮೇಲೆ ನಿಲ್ಲುತ್ತಿದ್ದಳು. ಆದರೆ ಅಲ್ಲಿಂದಲೇ ಇಡೀ ಬ್ಲಾಕನ್ನು ಬೈಯುವಷ್ಟು ಗಂಟಲಿತ್ತು.

ಬಂದ ಹೊಸತರಲ್ಲಿ ಅವಳಿಗೆ ಹಿಂದಿ ಒಂದಕ್ಷರ ಗೊತ್ತಿರಲಿಲ್ಲ. ಬ್ಲಾಕಿನ ಹೆಂಗಸರೆಲ್ಲ ಉತ್ತರಪ್ರದೇಶ, ಬಿಹಾರದವರು. ಅವರ ಜೊತೆ ಮಾರ್ಕೆಟ್ಟಿಗೆ ಹೋದರೆ ಗುಂಡುಗುಂಡಾದ ಟೊಮೇಟೊ ತಳ್ಳಿ "ಯೇ ನಹೀಂ, ನಾಟಿ! ನಾಟಿ!" ಎಂದು ಕೈಬಾಯಿ ಆಡಿಸುತ್ತಿದ್ದಳು. ಕೊತ್ತಂಬರಿಗೂ ನಾಟಿ, ಮೊಟ್ಟೆಗೂ ನಾಟಿ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಲಿಯಾ ಕಡೆಯ ಠಾಕೂರನ ಹೆಂಡತಿ, ಎಲ್ಲರೂ ಠಕುರಾಯಿನ್ ಎಂದು ಕರೆಯುವ ಆರಡಿಯ ಹೆಂಗಸು, ಅವತ್ತೇ ಅವಳಿಗೆ ಹೆಸರಿಟ್ಟಳು. ನಾಟಿ. ವಾರ ಕಳೆಯುವುದರೊಳಗೆ ಹಾಲಿನವನೂ "ನಾಟಿ ಭಾಭೀ" ಎಂದು ಕೂಗುತ್ತಿದ್ದ. ಪದ್ಮಾವತಿಗೆ ಆದ ಖುಷಿ ಅಷ್ಟಿಷ್ಟಲ್ಲ. ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿ ಹೇಳಿಕೊಂಡಳು.

"ಇಲ್ಲಿ ನನ್ನ ಪದ್ಮಾವತಿ ಅಂತ ಯಾರೂ ಕರೆಯಾಕಿಲ್ಲ ಕಣಕ್ಕ. ನಾಟಿ ಅಂತಾರೆ. ಗುಣ ನೋಡಿ ಇಟ್ಟವ್ರೆ."

ಇಪ್ಪತ್ತೆರಡು ವರ್ಷ ಆ ಹೆಸರನ್ನು ಅವಳು ತಲೆಯ ಮೇಲೆ ಹೊತ್ತು ತಿರುಗಿದಳು. ಮನೆ ರೈಲ್ವೆಯದು, ಮರ ರೈಲ್ವೆಯದು, ಗಂಡನೂ ಹಗಲಿಡೀ ರೈಲ್ವೆಯವನೇ. ಈ ಊರಿನಲ್ಲಿ ತನ್ನದು ಅಂತ ಅವಳಿಗಿದ್ದದ್ದು ಆ ಹೆಸರು, ಮತ್ತೆ ಕೋಳಿಗಳು. ಕೋಳಿಗಳ ಮೂಲವೂ ಸಾಮಾನ್ಯದ್ದಲ್ಲ. ಮಗಳು ಮೇದಿನಿಯ ಐದನೆಯ ಹುಟ್ಟುಹಬ್ಬದ ವರ್ಷ ಊರಿಂದ ಒಂದು ಹೇಂಟೆ, ಒಂದು ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿ ರೈಲಿನಲ್ಲಿ ತಂದಿದ್ದಳು. ಅವುಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೇ ಹಿತ್ತಲು ತುಂಬಿದ್ದವು. ಸೂರತ್‌ನಲ್ಲಿ ಅವಳು ಒಂದು ಕೋಳಿಯನ್ನೂ ಕೊಂಡವಳಲ್ಲ.

ಆ ವಂಶ ಶಿವರಾತ್ರಿಯ ಮಾರನೆಯ ದಿನ ಮುಗಿದುಹೋಯಿತು. ಹಳಿಯ ಕಡೆಯಿಂದ ಬಂದ ಮುಂಗುಸಿ ಗೂಡಿನ ಹಲಗೆ ಸರಿಸಿ ಏಳಕ್ಕೆ ಏಳನ್ನೂ ಕತ್ತು ಕಚ್ಚಿ ಹಾಕಿತ್ತು. ತಿಂದಿದ್ದು ಒಂದನ್ನೂ ಇಲ್ಲ. ಪದ್ಮಾವತಿ ಅಳಲಿಲ್ಲ. ಏಳನ್ನೂ ಸಾಲಾಗಿ ಮಲಗಿಸಿ, ಎಣಿಸಿ, ಬೇವಿನ ಬುಡದಲ್ಲಿ ಹೂತು, ಆಮೇಲೆ ಗಂಡನನ್ನು ಒಂದು ಗಂಟೆ ಬೈದಳು. ಹಲಗೆಗೆ ಮೊಳೆ ಹೊಡೆಯಬೇಕಾದವನು ಅವನಾಗಿದ್ದ.

ಅದೇ ವಾರ ವಡೋದರಾದಿಂದ ಮೇದಿನಿಯ ಫೋನು ಬಂತು. ಮೂರು ತಿಂಗಳ ಬಸುರಿ. ಅಲ್ಲಿನ ಅಲ್ಕಾಪುರಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇದಿನಿ ಹುಟ್ಟಿದ್ದು ಮದ್ದೂರಿನಲ್ಲಾದರೂ ಬೆಳೆದದ್ದು ಉಧ್ನಾದಲ್ಲಿ. ಕನ್ನಡ ಅವಳ ಬಾಯಲ್ಲಿ ಕುಂಟುತ್ತಿತ್ತು. ಹೆರಿಗೆ ಸೆಪ್ಟೆಂಬರಿನಲ್ಲಿ, ಅತ್ತೆ ಇಲ್ಲೇ ಇದ್ದಾರೆ, ಬಾಣಂತಿಯರನ್ನು ನೋಡಿಕೊಳ್ಳುವ ಏಜೆನ್ಸಿಯೂ ಇದೆ, ಸೂರತ್‌ಗೆ ಬರಬೇಕಾ ಅಂತ ಯೋಚಿಸುತ್ತಿದ್ದೇನೆ ಎಂದಳು. ಪದ್ಮಾವತಿ ಕೆರಳಿದಳು. ಚೊಚ್ಚಲ ಬಾಣಂತನ ತವರಿನಲ್ಲಾಗದೆ ಏಜೆನ್ಸಿಯಲ್ಲಾಗುವುದೇ?

"ನಾಟಿ ಕೋಳಿ ಸಾರು ಯಾವ ಏಜೆನ್ಸಿ ಮಾಡಿಕೊಡ್ತದೆ? ಕೈಯಾರ ಸಾಕಿದ್ದ ಕೋಳಿ, ಮೆಣಸು ಅರೆದು ಮಾಡಿದ್ದು, ಒಂಬತ್ತನೇ ದಿನದಿಂದ ಕೊಟ್ರೆ ಸೊಂಟ ಕಬ್ಬಿಣ ಆಯ್ತದೆ. ನಾನು ಎದ್ದು ನಿಂತಿದ್ದು ಅದರಲ್ಲೇ."

"ಆದ್ರೆ ಅಮ್ಮ, ನಿನ್ ಕೋಳಿ ಎಲ್ಲಾ ಖತಮ್ ಆಯ್ತಲ್ಲ?"

"ಸೆಪ್ಟೆಂಬರಿಗೆ ಹಿತ್ತಲು ತುಂಬಿರ್ತದೆ. ತುಂಬಿದ್ರೆ ಬತ್ತೀಯ?"

"ಓಕೆ," ಎಂದಳು ಮೇದಿನಿ, ಮಾತು ಮುಗಿಸುವ ಅವಸರದಲ್ಲಿ. "ನಾಟಿ ಇದ್ರೆ ಬರ್ತೀನಿ."

ಆ ಒಂದು ಮಾತಿಗೆ ಪದ್ಮಾವತಿ ಜೋತುಬಿದ್ದಳು. ಮಗಳು ತನ್ನ ಮನೆಗೆ ಬರಬೇಕು, ತನ್ನ ಕೈಯ ಸಾರು ಉಣ್ಣಬೇಕು, ಬ್ಲಾಕಿನವರೆಲ್ಲ ನೋಡಬೇಕು. ಅದಕ್ಕೆ ಕೋಳಿ ಬೇಕು. ಎಲ್ಲಿಂದ?

ಸೀತಾರಾಮ ಊಟಕ್ಕೆ ಕೂತಾಗ ಮೊಬೈಲು ಮುಂದಿಟ್ಟ. ನವಸಾರಿ ರಸ್ತೆಯ ಒಂದು ಹ್ಯಾಚರಿ. ಒಂದು ದಿನದ ಮರಿಗಳು, ತೂತು ಹೊಡೆದ ರಟ್ಟಿನ ಡಬ್ಬಿಯಲ್ಲಿ ಮನೆ ಬಾಗಿಲಿಗೇ ಬರುತ್ತವೆ.

"ಲಸಿಕೆ ಹಾಕಿರ್ತಾರೆ. ಆರಿಸಿ ಎಲ್ಲಾ ಹೆಣ್ಣೇ ಕೊಡ್ತಾರೆ. ಐದು ತಿಂಗಳಿಗೆ ಮೊಟ್ಟೆ ಸುರು. ರಗಳೆ ಇಲ್ಲ ಕಣೆ."

"ಎಲ್ಲಾ ಹೆಣ್ಣು ಅಂದ್ರೆ, ಗಂಡು ಏನಾದ್ವು?"

ಸೀತಾರಾಮ ತಟ್ಟೆ ನೋಡಿದ. ಗಂಡು ಏನಾಗುತ್ತವೆಂದು ಉಧ್ನಾದಲ್ಲಿ ಯಾರಿಗೆ ಗೊತ್ತಿಲ್ಲ? ಹುಟ್ಟಿದ ದಿನವೇ ಬಹಳಷ್ಟನ್ನು ಮೆಷಿನ್ನಿಗೆ ಹಾಕುತ್ತಾರೆ. ಉಳಿದವಕ್ಕೆ ಗುಲಾಬಿ, ಹಸಿರು ಬಣ್ಣ ಬಳಿದು ಸ್ಟೇಷನ್ ರಸ್ತೆಯಲ್ಲಿ ಮಕ್ಕಳಿಗೆ ಮಾರುತ್ತಾರೆ. ಮೂರನೆಯ ದಿನಕ್ಕೆ ಅವು ಬಣ್ಣದ ಸಮೇತ ಕಸದ ಬುಟ್ಟಿಯಲ್ಲಿರುತ್ತವೆ.

"ಅಣ್ಣತಮ್ಮಂದಿರನ್ನ ನುಂಗ್ಕೊಂಡು ಬಂದ ಮರಿಗಳು ನನ್ನ ಮಗಳ ಬಾಣಂತನಕ್ಕೆ ಬೇಡ. ಅವು ಕಾವಿಗೆ ಕೂರ್ತವಾ? ಇಲ್ಲ. ಮರಿ ಸಾಕ್ತವಾ? ಇಲ್ಲ. ಹದ್ದು ಬಂದ್ರೆ ಕತ್ತೆತ್ತಿ ನೋಡ್ತಾ ನಿಂತಿರ್ತವೆ. ನಿಮ್ಮ ಅಳಿಯನ ಥರ."

"ಸಾಕಿರೋರ ಹತ್ರ ತಗೊಂಡ್ರೆ ಲಸಿಕೆ ಇರಾಕಿಲ್ಲ. ಎಷ್ಟು ಗಂಡು, ಎಷ್ಟು ಹೆಣ್ಣು ಗೊತ್ತಾಗಾಕಿಲ್ಲ. ಅರ್ಧ ಸತ್ರೆ?"

"ಸಾಯೋವು ಸಾಯ್ಲಿ. ಉಳಿದವು ನಾಟಿ."

ಸೀತಾರಾಮ ವಾದ ಮಾಡುವವನಲ್ಲ. ಹೆಂಡತಿಯ ಎದುರು ಅವನು ಇಪ್ಪತ್ತೆರಡು ವರ್ಷದಿಂದ ಹಸಿರು ಸಿಗ್ನಲ್ಲೇ ತೋರಿಸಿದವನು. ಆದರೆ ಈ ಸಲ ಹೇಳದೆ ಕೇಳದೆ ಆರು ಹ್ಯಾಚರಿ ಮರಿ ತರಿಸಿಬಿಟ್ಟ. ಪದ್ಮಾವತಿ ಡಬ್ಬಿ ನೋಡಿ ಮೂಗು ಮುರಿದು, ಹಿತ್ತಲಿನ ನಡುವೆ ತಂತಿಯ ಬಲೆ ಕಟ್ಟಿಸಿ, ಬಿಸಿಲು ಬೀಳದ ಅರ್ಧವನ್ನು ಅವುಗಳಿಗೆ ಬಿಟ್ಟಳು. ಇನ್ನರ್ಧವನ್ನು ತುಂಬಲು ತಾನೇ ಹೊರಟಳು, ಜೊತೆಗೆ ಠಕುರಾಯಿನ್.

ಸೂರತ್‌ನ ಹೊರಗಿರುವ ಸಚಿನ್ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ಇದ್ರೀಸ್ ಚಾಚಾ ಎಂಬ ಮುದುಕ ಮೂವತ್ತು ವರ್ಷದಿಂದ ಕೋಳಿ ತಳಿ ಬೆಳೆಸುತ್ತಿದ್ದ. ಉತ್ತರಪ್ರದೇಶದ ಜೌನ್‌ಪುರದವನು. ಯಾವ ಹುಂಜಕ್ಕೆ ಯಾವ ಹೇಂಟೆ ಎಂದು ಆರಿಸಿ ಜೋಡಿ ಮಾಡುವುದರಲ್ಲಿ ಅವನದು ಮದುವೆ ದಲ್ಲಾಳಿಯ ಶಿಸ್ತು. ಮರಿ ಕೊಳ್ಳಲು ಬಂದವರಿಗೆ ಮೊದಲು ಅದರ ತಂದೆತಾಯಿಯನ್ನು ತೋರಿಸುತ್ತಿದ್ದ. ಹ್ಯಾಚರಿಯವನು ನಿಮಗೆ ಪಟ್ಟಿ ತೋರಿಸುತ್ತಾನೆ, ನಾನು ಅಮ್ಮನನ್ನು ತೋರಿಸುತ್ತೇನೆ ಎನ್ನುವುದು ಅವನ ಹೆಮ್ಮೆ.

ಮೊದಲ ಗೂಡಿನಲ್ಲಿ ಹಳದಿ ಕಾಲಿನ, ಕೆಂಚು ಮೈಯ ದೊಡ್ಡ ಹೇಂಟೆಗಳಿದ್ದವು. ಪದ್ಮಾವತಿಯ ಕಣ್ಣು ಅಲ್ಲೇ ನಿಂತಿತು. ಥೇಟು ಅವಳ ಸತ್ತುಹೋದ ಕೋಳಿಗಳೇ.

"ದೇಸೀ ಹೈ," ಎಂದ ಚಾಚಾ. "ಅಂಕಲೇಶ್ವರ್ ಕೀ. ಮಾಂ-ಬಾಪ್ ಸಾಮನೇ ಹೈಂ, ದೇಖ್ ಲೋ."

ದೇಸಿ ಅಂದ ಕೂಡಲೇ ಪದ್ಮಾವತಿಯ ಮುಖ ಹುಳ್ಳಗಾಯಿತು. ಉಧ್ನಾ ಮಾರ್ಕೆಟ್ಟಿನ ತುಂಬ ದೇಸಿ ಎಂಬ ಬೋರ್ಡು, ಒಳಗೆ ಇರುವುದು ಬಣ್ಣದ ಹ್ಯಾಚರಿ ಕೋಳಿ. ಆ ಮೋಸ ಅವಳಿಗೆ ಗೊತ್ತಿಲ್ಲದ್ದೇ?

"ದೇಸಿ-ವೇಸಿ ನಹೀಂ ಚಾಹಿಯೇ. ನಾಟಿ ದೋ."

ಚಾಚಾ ಅವಳನ್ನು ನೋಡಿದ. ಆಮೇಲೆ ಠಕುರಾಯಿನ್ ಕಡೆ ನೋಡಿದ. "ನಾಟಿ?"

"ಹಾಂ. ಅಸಲಿ ನಾಟಿ."

"ಪಕ್ಕಾ?"

ಠಕುರಾಯಿನ್ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಒಂದು ಮಾತು ಅವಳು ಆಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಅವಳಿಗೆ ಮಧ್ಯಾಹ್ನದ ನಗುವಿಗೆ ಒಂದು ಸರಕು ಬೇಕಾಗಿತ್ತು. "ದೇ ದೋ ಚಾಚಾ," ಎಂದಳು, "ಇನ್‌ಕೋ ನಾಟಿ ಹೀ ಚಾಹಿಯೇ."

ಚಾಚಾ ಕೊನೆಯ ಗೂಡಿಗೆ ಹೋಗಿ ಏಳು ಮರಿ ತಂದ. ಇವುಗಳ ತಾಯಿಯನ್ನೂ ನೋಡು ಬಾ ಎಂದು ಕರೆದ. ಪದ್ಮಾವತಿ ಕೈಯಾಡಿಸಿಬಿಟ್ಟಳು. ನಾಟಿಯನ್ನು ಅವಳಿಗೆ ತೋರಿಸಿಕೊಡಲು ಜೌನ್‌ಪುರದವನು ಬೇಕೇ? ಮರಿಯ ಕಾಲು ನೋಡಿದಳು, ಕಣ್ಣು ನೋಡಿದಳು, ಬಾಲದ ಕೆಳಗೆ ಊದಿ ನೋಡಿದಳು. ಚುರುಕಾಗಿದ್ದವು. ಬುಟ್ಟಿಗೆ ಹಾಕಿಕೊಂಡಳು. ಆಟೋದಲ್ಲಿ ಠಕುರಾಯಿನ್ ದಾರಿಯುದ್ದಕ್ಕೂ ಕೆಮ್ಮುತ್ತಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಹ್ಯಾಚರಿ ಮರಿಗಳು ಮಾರುದ್ದ ಬೆಳೆದು ತಂತಿಯಾಚೆ ದಪದಪ ಓಡಾಡುತ್ತಿದ್ದವು. ಇತ್ತ ಚಾಚಾನ ಮರಿಗಳಿಗೆ ಜುಟ್ಟು ಬಂತು, ಬಾಲ ಬಂತು, ಗಂಡಿಗೆ ಕೂಗು ಬಂತು. ಮೈ ಮಾತ್ರ ಬರಲಿಲ್ಲ. ಪಾರಿವಾಳಕ್ಕಿಂತ ಒಂದು ಹಿಡಿ ಹೆಚ್ಚು. ಪದ್ಮಾವತಿ ರಾಗಿ ತರಿಸಿ ಹಾಕಿದಳು, ಒಣಮೀನು ಕುಟ್ಟಿ ಹಾಕಿದಳು.

"ಇವೇನೇ ಹಿಂಗವೆ?" ಎಂದ ಸೀತಾರಾಮ.

"ನಾಟಿ ನಿಧಾನಕ್ಕೆ ಬೆಳೀತದೆ. ಮೂಳೆ ಗಟ್ಟಿ ಆಗ್ಬೇಕಲ್ಲ. ನಿಮ್ಮ ಹ್ಯಾಚರಿಯವು ಬರೀ ನೀರು."

ಸೀತಾರಾಮ ತಟ್ಟೆ ಬದಿಗೆ ಸರಿಸಿದ. ಅವನಿಗೆ ಆಗಲೇ ಗೊತ್ತಾಗಿತ್ತು. ರೈಲ್ವೆಯಲ್ಲಿ ಇಪ್ಪತ್ತೆರಡು ವರ್ಷ ಉತ್ತರದವರ ಜೊತೆ ಚಹಾ ಕುಡಿದವನಿಗೆ ಆ ಪದ ಗೊತ್ತಿಲ್ಲದೆ ಇರುತ್ತದೆಯೇ? ಅವನು ಎದ್ದು ಕೈ ತೊಳೆಯಲು ಹೋದ.

ಕುಳ್ಳು ಹೇಂಟೆಗಳಲ್ಲಿ ಒಂದು ಆಗಸ್ಟಿನಲ್ಲಿ ಕಾವಿಗೆ ಕೂತಿತು. ಪದ್ಮಾವತಿ ಗೆದ್ದವಳಂತೆ ಗಂಡನನ್ನು ಕರೆದು ತೋರಿಸಿದಳು. ಅದರ ಮೊಟ್ಟೆಗಳು ಅಡಿಕೆ ಗಾತ್ರದವೆಂದು, ಆಗತಾನೇ ಮೊಟ್ಟೆಗೆ ಬಂದಿದ್ದ ಹ್ಯಾಚರಿ ಕೋಳಿಗಳ ದೊಡ್ಡ ಮೊಟ್ಟೆ ಎಂಟನ್ನು ಅದರಡಿಗೆ ಇಟ್ಟಳು. ನಡುವಿನ ತಂತಿಯನ್ನು ಮೊದಲೇ ತೆಗೆದಿದ್ದಳು, ಕುಳ್ಳ ಹುಂಜ ಅತ್ತಲೂ ಓಡಾಡಲಿ ಎಂದು. ಓಡಾಡಿತ್ತು. ಆ ದೊಡ್ಡ ಕೋಳಿಗಳ ಬೆನ್ನಿಗೆ ಹಾರಿ ಹಾರಿ ಜಾರಿ ಬಿದ್ದಿತ್ತು. ಬ್ಲಾಕಿನ ಗಂಡಸರು ಕಾಂಪೌಂಡಿಗೆ ಒರಗಿ ಅದನ್ನೇ ನೋಡಿ ಸಂಜೆ ಕಳೆಯುತ್ತಿದ್ದರು. ಎಂಟೂ ಬರಡು ಮೊಟ್ಟೆ. ಕುಳ್ಳಿ ಹೇಂಟೆ ಕೆಳಗೆ ಅರ್ಧ ಮೊಟ್ಟೆ ಹೊರಗೆ ಕಾಣುತ್ತಿದ್ದರೂ ರೆಕ್ಕೆ ಹರಡಿ, ಕಣ್ಣು ಮುಚ್ಚದೆ, ಇಪ್ಪತ್ತೊಂದು ದಿನ ದಾಟಿ ಇಪ್ಪತ್ತೆಂಟನೆಯ ದಿನದವರೆಗೂ ಕೂತಿತ್ತು. ಕೊನೆಗೆ ವಾಸನೆ ಬಂದಾಗ ಅದನ್ನು ಎಬ್ಬಿಸಿ ಮೊಟ್ಟೆಗಳನ್ನು ಎಸೆಯಬೇಕಾಯಿತು.

ಅಷ್ಟರಲ್ಲಿ ಮೇದಿನಿಯ ಸೀಮಂತ ಬಂತು. ಎಂಟನೆಯ ತಿಂಗಳ ಹೊಟ್ಟೆ ಹೊತ್ತು ಅವಳು ವಡೋದರಾದಿಂದ ಬಂದಳು. ಪದ್ಮಾವತಿ ಇಡೀ ಬ್ಲಾಕಿನ ಹೆಂಗಸರನ್ನು ಕರೆದು ಹಸಿರು ಬಳೆ ತೊಡಿಸಿ, ಒಬ್ಬಟ್ಟು ಬಡಿಸಿ, ಆಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದಳು. ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದನ್ನು ಊರು ನೋಡಬೇಕಲ್ಲ. ಕೋಳಿಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದಳು, "ದೇಖೋ. ಸಬ್ ನಾಟಿ."

ಠಕುರಾಯಿನ್ ತಡೆದುಕೊಳ್ಳಲಾರದೆ ಹೋದಳು. "ಅರೇ ವಾಹ್! ನಾಟಿ ಕೀ ನಾಟಿಯಾಂ!"

ಹದಿನಾರು ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ನಗು ತಡೆಯಲಾರದೆ ಬೇವಿನ ಬುಡದಲ್ಲಿ ಕೂತೇಬಿಟ್ಟಳು. ಆಪರೇಷನ್ನಿನಲ್ಲಿ ಹೆತ್ತ ಎದುರು ಮನೆಯ ಹುಡುಗಿಯೂ ಕೂಸನ್ನು ಅಲುಗಿಸುತ್ತ ನಕ್ಕಳು. ಪದ್ಮಾವತಿಯೂ ಎಲ್ಲರಿಗಿಂತ ಜೋರಾಗಿ, ಎದೆಯುಬ್ಬಿಸಿ ನಕ್ಕಳು. ನಗದೆ ಇದ್ದವಳು ಮೇದಿನಿ ಒಬ್ಬಳೇ. ಅವಳು ಬಳೆಗಳನ್ನು ತಿರುಗಿಸುತ್ತ ನೆಲ ನೋಡುತ್ತಿದ್ದಳು.

ಆದರೂ ಕೋಳಿಗಳ ಗಾತ್ರ ಪದ್ಮಾವತಿಯನ್ನು ಕೊರೆಯುತ್ತಲೇ ಇತ್ತು. ಇನ್ನೊಂದು ತಿಂಗಳಿಗೆ ಸಾರಾಗಬೇಕಾದ ಕೋಳಿಗಳು ಒಂದು ಬಟ್ಟಲು ತುಂಬುವಂತಿರಲಿಲ್ಲ. ಮುದುಕ ಸೊರಗಿದ ಮರಿ ತಲೆಗೆ ಕಟ್ಟಿದ್ದಾನೆ ಎಂದು ತೀರ್ಮಾನಿಸಿ, ಮಾರನೆಯ ದಿನವೇ ಒಂದು ಹೇಂಟೆಯನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಸಚಿನ್‌ಗೆ ಹೋದಳು. ಗೇಟಿನಿಂದಲೇ ಶುರು ಮಾಡಿದಳು. ಕಳ್ಳ, ಮೋಸಗಾರ, ಬಸುರಿ ಹೆಂಗಸಿನ ಶಾಪ ತಟ್ಟುತ್ತದೆ, ಹೀಗೆ ಹಿಂದಿ ಮುಗಿದು ಕನ್ನಡಕ್ಕೆ ಇಳಿಯುವವರೆಗೂ ಬೈದಳು.

ಇದ್ರೀಸ್ ಚಾಚಾ ಬೀಡಿ ಆರಿಸಿ ಎಲ್ಲವನ್ನೂ ಕೇಳಿಸಿಕೊಂಡ. "ಮೈಂನೇ ತೋ ಪೂಛಾ ಥಾ, ಬೆಹೆನ್. ಆಪ್ ನೇ ಹೀ ಕಹಾ, ಅಸಲಿ ನಾಟಿ."

"ನಾಟಿ ಐಸಾ ಹೋತಾ ಕ್ಯಾ? ಇತ್‌ನಾ ಛೋಟಾ?"

ಮುದುಕನಿಗೆ ಅರ್ಥವಾಗಲಿಲ್ಲ. "ನಾಟಿ ತೋ ಛೋಟೀ ಹೀ ಹೋಗೀ ನಾ?"

ಅವನು ಒಳ್ಳೆಯ ಮನುಷ್ಯ. ಈ ಮದರಾಸಿ ಹೆಂಗಸಿಗೆ ಭಾಷೆ ತೊಡಕಾಗಿದೆ, ಬಿಡಿಸಿ ಹೇಳೋಣ ಅಂದುಕೊಂಡ. ಅಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿದು ತನ್ನ ಮಂಡಿಯ ಹತ್ತಿರ ತಂದ. "ನಾಟಿ. ಕುಳ್ಳು. ಕದ್ ಮೇಂ ಛೋಟೀ." ಕುಳ್ಳು ಎಂಬ ಕನ್ನಡ ಅವನ ಬಾಯಿಗೆ ಹೇಗೆ ಬಂತೋ, ಯಾವ ಬಳ್ಳಾರಿಯ ಗಿರಾಕಿ ಕಲಿಸಿದ್ದನೋ. ಅವಳ ಮುಖ ಹಾಗೆಯೇ ಇದ್ದದ್ದನ್ನು ಕಂಡು ಇನ್ನೂ ಸ್ಪಷ್ಟವಾಗಲಿ ಎಂದು ಆ ಅಂಗೈಯನ್ನೇ ಮೇಲೆತ್ತಿ ಅವಳ ನೆತ್ತಿಯ ಮಟ್ಟಕ್ಕೆ ಹಿಡಿದ.

"ಜೈಸೇ ಆಪ್."

ನಿಮ್ಮ ಹಾಗೆ. ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಪದ್ಮಾವತಿ ಆ ಅಂಗೈಯ ಕೆಳಗೆ ನಿಂತಿದ್ದಳು. ಮೊದಲ ಗೂಡಿನಲ್ಲಿ ಕೆಂಚು ಮೈಯ ದೇಸಿ ಹೇಂಟೆಗಳು, ಅವಳಿಗೆ ಬೇಕಾಗಿದ್ದ ಅಪ್ಪಟ ನಾಟಿಗಳು, ಅವಳು ಬೇಡವೆಂದು ಬಿಟ್ಟುಹೋದವು, ಮಣ್ಣು ಕೆದರುತ್ತಿದ್ದವು.

ಆಟೋದಲ್ಲಿ ಇಪ್ಪತ್ತೆರಡು ವರ್ಷ ಒಂದೊಂದಾಗಿ ಹಿಂದಕ್ಕೆ ಬಂತು. ಹಾಲಿನವನು. ಶಾಲೆಯ ಗೇಟಿನಲ್ಲಿ "ನಾಟಿ ಕೀ ಬೇಟೀ" ಎಂದ ಮಕ್ಕಳು. ಹೋಳಿಯ ದಿನ ಅವಳನ್ನು ಎತ್ತಿ ಟ್ಯಾಂಕಿಗೆ ಹಾಕಿದ ಠಕುರಾಯಿನ್. ಬ್ಲಾಕಿನ ಫೋಟೋದಲ್ಲಿ "ನಾಟಿ ಆಗೇ, ನಾಟಿ ಆಗೇ" ಎಂದು ಮುಂದಿನ ಸಾಲಿಗೆ ತಳ್ಳಿದ್ದು. ಅದನ್ನು ಅವಳು ಮರ್ಯಾದೆ ಅಂದುಕೊಂಡಿದ್ದಳು. ಆ ಫೋಟೋ ಊರಿನ ಅಕ್ಕನ ಮನೆಯ ಗೋಡೆಯ ಮೇಲಿದೆ. ನಾಚಿಕೆ ಎಂಬುದು ಸ್ವಲ್ಪ ಸ್ವಲ್ಪವಾಗಿ ಬಂದರೆ ತಡೆದುಕೊಳ್ಳಬಹುದು. ಇದು ಇಪ್ಪತ್ತೆರಡು ವರ್ಷದ್ದು ಒಟ್ಟಿಗೇ ಬಂತು. ಚೀಲದೊಳಗಿನ ಹೇಂಟೆ ತೊಡೆಯ ಮೇಲೆ ಬೆಚ್ಚಗೆ ಮಿಸುಕುತ್ತಿತ್ತು. ಅವಳು ಚೀಲದ ಮೇಲಿನಿಂದಲೇ ಅದರ ಕತ್ತು ಹುಡುಕಿ ಹಿಸುಕಿದಳು. ಉಧ್ನಾ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು.

ಮನೆಯಲ್ಲಿ ಸೀತಾರಾಮನೂ ಮೇದಿನಿಯೂ ಟೀವಿ ನೋಡುತ್ತಿದ್ದರು. ಪದ್ಮಾವತಿ ಚೀಲವನ್ನು ನೆಲಕ್ಕಿಟ್ಟು ಕೇಳಿದಳು.

"ನಾಟಿ ಅಂದ್ರೆ ಏನು?"

ಮೇದಿನಿ ಅಪ್ಪನ ಮುಖ ನೋಡಿದಳು. ಅಪ್ಪ ರಿಮೋಟು ನೋಡಿದ. ಅದೇ ಉತ್ತರವಾಯಿತು.

"ಯಾವಾಗಿಂದ ಗೊತ್ತು?"

"ಫಿಫ್ತ್ ಸ್ಟ್ಯಾಂಡರ್ಡ್," ಎಂದಳು ಮೇದಿನಿ. "ಅಮ್ಮ, ನಾನು ಹೇಳೋಕೆ ಬಂದೆ ಒಂದ್ಸಲ. ಪಪ್ಪ ಬೇಡ ಅಂದ್ರು."

"ನೀನು ಖುಸಿಯಾಗಿದ್ದೆ," ಎಂದ ಸೀತಾರಾಮ. "ಅದಕ್ಕೇ..."

"ಅಮ್ಮ, ಪ್ಲೀಸ್. ಅದು ಪ್ಯಾರ್ ಸೇ ಕರೆಯೋದು. ಅಷ್ಟು ಬಿಗ್ ಡೀಲ್ ಏನಿಲ್ಲ. ನೀನು ಪ್ರಶಾಂತ್‌ಗೆ ಹ್ಯಾಚರಿ ಹ್ಯಾಚರಿ ಅಂತೀಯಲ್ಲ, ಅವನು ಏನಾದ್ರೂ ಅಂದನಾ? ಅವನಿಗೂ ಅದರ ಮೀನಿಂಗ್ ನಾನು ಹೇಳಿಲ್ಲ."

ಪದ್ಮಾವತಿ ಚೀಲ ಎತ್ತಿಕೊಂಡಳು. ಸತ್ತ ಹೇಂಟೆಯನ್ನು ಬೇವಿನ ಬುಡದಲ್ಲಿ ಹೂಳಲು ಹೋದಳು. ಬಟ್ಟೆ ತಂತಿಯ ಕೆಳಗಿನ ಎರಡು ಇಟ್ಟಿಗೆ ಕಾಲಿಗೆ ತಗುಲಿದವು. ಅವನ್ನು ಎತ್ತಿ ಕಾಂಪೌಂಡಿನ ಆಚೆಗೆ ಎಸೆದಳು. ಮಾರನೆಯ ಬೆಳಿಗ್ಗೆ ಬಟ್ಟೆ ಹಾಕಬೇಕಾದಾಗ ಹೋಗಿ ಹೆಕ್ಕಿ ತಂದಳು.

ಆಮೇಲಿನ ದಿನಗಳಲ್ಲಿ ಗೇಟಿನಿಂದ "ನಾಟಿ!" ಎಂದು ಕೂಗಿದರೆ ಅವಳು ಕೇಳಿಸದವಳಂತೆ ಇರಲು ನೋಡಿದಳು. ಕೂಗುವವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಇಡೀ ಬ್ಲಾಕಿಗೆ ಕೇಳಿಸುವಷ್ಟಾದಾಗ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು. ಕರೆಯಬೇಡಿ ಎನ್ನಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಹಾಗೆಂದರೆ ಈವರೆಗೆ ಅರ್ಥ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಇಪ್ಪತ್ತೆರಡು ವರ್ಷ ನಕ್ಕವರಿಗೆ ಇನ್ನೂ ಇಪ್ಪತ್ತೆರಡು ವರ್ಷಕ್ಕಾಗುವಷ್ಟು ನಗು ಕೊಡಬೇಕಾಗುತ್ತದೆ. ಅವಳು ನುಂಗಿಕೊಂಡಳು.

ಸೆಪ್ಟೆಂಬರಿನಲ್ಲಿ ಮೇದಿನಿ ಹೆತ್ತಳು, ಆಪರೇಷನ್ ಮಾಡಿಸಿಕೊಂಡು. ಹೆಣ್ಣು. ಪದ್ಮಾವತಿ ಹ್ಯಾಚರಿ ಎಂಬ ಮಾತೆತ್ತಲಿಲ್ಲ. ಮಗಳೂ ಮೊಮ್ಮಗಳೂ ಉಧ್ನಾದ ಮನೆಗೇ ಬಂದರು. ಅವಳು ಇಡೀ ವರ್ಷ ಬೇಡಿದ್ದು ಅದನ್ನೇ, ಅದು ಸಿಕ್ಕಿತು. ಒಂಬತ್ತನೆಯ ದಿನ ಸೀತಾರಾಮನ ಹ್ಯಾಚರಿ ಕೋಳಿಯೊಂದನ್ನು ಕೊಯ್ದು, ಮೆಣಸು ಅರೆದು, ಸಾರು ಮಾಡಿ ಮಗಳ ಮುಂದಿಟ್ಟಳು. ಮಗಳು ಎರಡು ಬಟ್ಟಲು ಕುಡಿದಳು.

"ಸೂಪರ್ ಅಮ್ಮ. ಇದೇ ನಾಟಿ ಅಲ್ವಾ?"

"ಹೂಂ," ಎಂದಳು ಪದ್ಮಾವತಿ.

ಹದಿನೈದನೆಯ ದಿನ ಬ್ಲಾಕಿನ ಹೆಂಗಸರು ಕೂಸು ನೋಡಲು ಬಂದರು. ಠಕುರಾಯಿನ್ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಾಲುಗಳನ್ನು ಹಿಡಿದು ನೀಟಾಗಿ ಎಳೆದು ಉದ್ದ ನೋಡಿದಳು. ಗೇಣೆರಡು, ಅಷ್ಟೇ. ಅವಳ ಮುಖ ಅರಳಿತು.

"ಅರೇ! ಯೇ ಭೀ ನಾಟಿ! ಪೂರೀ ನಾನೀ ಪರ್ ಗಯೀ ಹೈ!"

ಥೇಟು ಅಜ್ಜಿಯದೇ ಅಚ್ಚು ಎಂಬ ಆ ಮಾತಿಗೆ ಹೆಂಗಸರು ನಗಲು ಬಾಯಿ ತೆರೆದರು. ಮಂಚದ ಮೇಲೆ ಒರಗಿದ್ದ ಮೇದಿನಿ ಹೊಲಿಗೆಯ ನೋವನ್ನೂ ಲೆಕ್ಕಿಸದೆ ಎದ್ದು ಕೂತಳು.

"ಆಂಟೀ," ಎಂದಳು. ಧ್ವನಿ ಏರಿಸಲಿಲ್ಲ. "ಮೇರೀ ಬೇಟೀ ಕೋ ನಾಟಿ ಮತ್ ಬೋಲಿಯೇ. ಆಜ್ ಕೇ ಬಾದ್ ಕಭೀ ನಹೀಂ."

ನನ್ನ ಮಗಳನ್ನು ಹಾಗೆ ಕರೆಯಬೇಡಿ, ಇವತ್ತಿನ ಮೇಲೆ ಎಂದೂ ಬೇಡ. ಅಷ್ಟೇ ಮಾತು. ನಗು ಅಲ್ಲಲ್ಲೇ ನಿಂತಿತು. ಠಕುರಾಯಿನ್ ಕೂಸಿನ ಕಾಲು ಬಿಟ್ಟು ಕೈ ಹಿಂದಕ್ಕೆಳೆದುಕೊಂಡಳು. ತಪ್ಪಾಯಿತು ಮಗಳೇ, ಮುದುಕಿಯ ಬಾಯಿ, ಇನ್ನು ಅನ್ನುವುದಿಲ್ಲ ಎಂದು ಕೆನ್ನೆ ಬಡಿದುಕೊಂಡಳು. ಉಳಿದವರೂ ತಲೆಯಾಡಿಸಿದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪದ್ಮಾವತಿ ಆ ಒಂದು ನಿಮಿಷವನ್ನು ಪೂರ್ತಿ ನೋಡಿದಳು. ಮಗಳ ಮುಖ ಇನ್ನೂ ಕೆಂಪಗಿತ್ತು. ಈಗ ಮಗಳು ತನ್ನ ಕಡೆಗೂ ತಿರುಗುತ್ತಾಳೆ, ಇನ್ನೊಂದು ಮಾತು ಸೇರಿಸುತ್ತಾಳೆ ಎಂದು ಅವಳು ಕಾದಳು. ಮೇದಿನಿ ಕೂಸನ್ನು ಎತ್ತಿ ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿದಳು.

ಕೋಣೆಯಲ್ಲಿ ಮುಜುಗರ ತುಂಬಿತ್ತು. ಅದನ್ನು ಕಳೆಯಬೇಕಲ್ಲ ಎಂದು ಠಕುರಾಯಿನ್ ಸೆರಗು ಸರಿಪಡಿಸಿಕೊಂಡು ಬಾಗಿಲ ಕಡೆ ನೋಡಿ ನಕ್ಕಳು.

"ಏ ನಾಟಿ, ಖಡೀ ಕ್ಯಾ ಹೈ? ಚಾಯ್ ತೋ ಪಿಲಾ."

ಪದ್ಮಾವತಿ ಮಗಳ ಬೆನ್ನನ್ನು ನೋಡಿದಳು. ಅದು ಅಲುಗಲಿಲ್ಲ. ಅವಳು ಒಳಗೆ ಹೋಗಿ ಮಣೆಯ ಮೇಲೆ ಹತ್ತಿ, ಮೇಲಿನ ಹಲಗೆಯಿಂದ ಚಹಾಪುಡಿಯ ಡಬ್ಬಿ ಇಳಿಸಿಕೊಂಡಳು.